ಉತ್ತರಕ್ಕೆ ಹೊರಳಿದ ಹೊಳೆಯ ದಂಡೆಯಲ್ಲಿ

ಹುಬ್ಬಳ್ಳಿ–ಸೊಲ್ಲಾಪುರ ಹೆದ್ದಾರಿಯಲ್ಲಿ ಸಾಗುವವರಿಗೆ ಬಾದಾಮಿ ತಾಲ್ಲೂಕಿನ ಕೆರೂರು ಸಿಗುತ್ತದೆ. ಇಲ್ಲಿ ಹೆದ್ದಾರಿಯನ್ನು ಬಿಟ್ಟು ಆಗ್ನೇಯಕ್ಕೆ ತಿರುಗಿದರೆ ಬಾದಾಮಿ. ಅಲ್ಲಿಂದ ಪೂರ್ವಕ್ಕೆ ಸುಮಾರು ೨೨ ಕಿಲೋಮೀಟರ್ ಸಾಗಿದರೆ ಪಟ್ಟದಕಲ್ಲು. ದಾರಿಯುದ್ದಕ್ಕೂ ಕೆಂಪು ಮರಳುಗಲ್ಲಿನ ಗುಡ್ಡಗಳು ಜೊತೆಗೊಡುತ್ತವೆ. ಗುಡಿಗಳಿಗೆ ಒದಗಿದ್ದು ಈ ಕಲ್ಲೇ.

ಇಂದು ಇದೊಂದು ಸಣ್ಣ ಗ್ರಾಮ. ಹಿಂದೆ ಇದರ ಹೆಸರು ಕಿಸುವೊಳಲ್. ‘ಕಿಸು’ ಎಂದರೆ ಕೆಂಪು, ‘ಪೊಳಲ್’ ಎಂದರೆ ಪಟ್ಟಣ. ಚಾಲುಕ್ಯ ಅರಸರ ಪಟ್ಟಾಭಿಷೇಕ ಇಲ್ಲಿ ಜರುಗುತ್ತಿದ್ದುದರಿಂದ ಪಟ್ಟದ ಕಿಸುವೊಳಲ್ ಎನಿಸಿತು. ಒಂಬತ್ತನೆಯ ಶತಮಾನದ ‘ಕವಿರಾಜಮಾರ್ಗ’ವು ಕನ್ನಡದ ತಿರುಳು ಎಲ್ಲಿದೆಯೆಂದು ಹೇಳುವಾಗ ಕೊಪಣ, ಪುಲಿಗೆರೆ, ಒಂಕುಂದಗಳೊಡನೆ ಈ ಊರನ್ನೂ ಹೆಸರಿಸುತ್ತದೆ.

ರಾಜಧಾನಿ ಬಾದಾಮಿ ಹತ್ತಿರದಲ್ಲಿಯೇ ಇರುವಾಗ ಪಟ್ಟಕಟ್ಟಲು ಈ ಸ್ಥಳವೇಕೆ? ಉತ್ತರವನ್ನು ಹೊಳೆಯೇ ಹೇಳುತ್ತದೆ. ಕಣಕುಂಬಿಯಲ್ಲಿ ಹುಟ್ಟಿ, ಕೂಡಲಸಂಗಮದಲ್ಲಿ ಕೃಷ್ಣೆಯನ್ನು ಸೇರುವ ಮಲಪ್ರಭೆ ಇಲ್ಲಿ ಉತ್ತರಕ್ಕೆ ಹೊರಳುತ್ತಾಳೆ. ಉತ್ತರವಾಹಿನಿಯಾದ ನದಿಯ ತೀರ ಪವಿತ್ರವೆಂಬುದು ಹಿರಿಯರ ನಂಬಿಕೆ.

ಇಲ್ಲಿ ಒಂಬತ್ತು ಹಿಂದೂ ದೇವಾಲಯಗಳೂ ರಾಷ್ಟ್ರಕೂಟರ ಕಾಲದ ಒಂದು ಜೈನ ಬಸದಿಯೂ ಇವೆ. ಆವರಣವನ್ನು ಹೊಕ್ಕವರು ಮೊದಲು ಶಿಖರಗಳನ್ನು ಗಮನಿಸಬೇಕು. ಕಾಶಿವಿಶ್ವನಾಥನ ಶಿಖರ ಬಾಗುತ್ತ ಮೇಲೇರುತ್ತದೆ. ಇದು ನಾಗರ ಶೈಲಿ. ಅದರ ಮಗ್ಗುಲಲ್ಲೇ ಇರುವ ಮಲ್ಲಿಕಾರ್ಜುನನ ಶಿಖರ ಮೆಟ್ಟಿಲು ಮೆಟ್ಟಿಲಾಗಿ, ಅಂತಸ್ತುಗಳಲ್ಲಿ ಏರುತ್ತದೆ; ಇದು ದ್ರಾವಿಡ ಶೈಲಿ. ಉತ್ತರವೂ ದಕ್ಷಿಣವೂ ನಾಲ್ಕು ಹೆಜ್ಜೆಯ ಅಂತರದಲ್ಲಿ ನೆರೆಹೊರೆಯಾಗಿ ನಿಂತಿರುವುದು ಈ ಊರಿನ ವೈಶಿಷ್ಟ್ಯ.

ಇವುಗಳಲ್ಲಿ ಹಿರಿದಾದುದು ವಿರೂಪಾಕ್ಷ ದೇವಾಲಯ. ಇದರ ಕಥೆ ಆರಂಭವಾಗುವುದು ದೂರದ ಕಂಚಿಯಲ್ಲಿ. ಎರಡನೆಯ ವಿಕ್ರಮಾದಿತ್ಯನು ಪಲ್ಲವರನ್ನು ಸೋಲಿಸಿ ಕಂಚಿಯನ್ನು ಹೊಕ್ಕನು. ನೂರು ವರ್ಷಗಳ ಹಿಂದೆ ಪಲ್ಲವರು ಬಾದಾಮಿಯನ್ನು ಹಾಳುಗೆಡವಿದ್ದರು. ಸೇಡಿಗೆ ಕಾರಣ ಸಾಕಷ್ಟಿತ್ತು. ಆದರೆ ಆತನು ಕೈಲಾಸನಾಥ ದೇವಾಲಯದ ಸಂಪತ್ತನ್ನು ದೇವರಿಗೇ ಹಿಂದಿರುಗಿಸಿದನು. ಆ ಸಂಗತಿಯನ್ನು ತಿಳಿಸುವ ಕನ್ನಡ ಶಾಸನ ಅಲ್ಲಿಯ ಕಂಬವೊಂದರ ಮೇಲೆ ಇಂದಿಗೂ ಇದೆ. ಗೆದ್ದವನು ಸೋತವರ ಗುಡಿಯಲ್ಲಿ ತನ್ನ ಔದಾರ್ಯವನ್ನು ಕೆತ್ತಿಸಿದ್ದರಲ್ಲಿ ತುಸು ಹೆಮ್ಮೆಯೂ ಇದ್ದೀತು. ಇರಲಿ, ಸುಲಿಗೆಯ ಪಟ್ಟಿಯನ್ನು ಕೆತ್ತಿಸುವುದಕ್ಕಿಂತ ಅದು ಮೇಲು.

ಆ ವಿಜಯದ ನೆನಪಿಗಾಗಿ ಪಟ್ಟದರಸಿ ಲೋಕಮಹಾದೇವಿಯು ಸುಮಾರು ೭೪೦ರಲ್ಲಿ ಈ ದೇವಾಲಯವನ್ನು ಕಟ್ಟಿಸಿದಳು. ಆಕೆಯ ತಂಗಿ, ಅದೇ ಅರಸನ ಇನ್ನೊಬ್ಬ ರಾಣಿ ತ್ರೈಲೋಕ್ಯಮಹಾದೇವಿಯು ಕಟ್ಟಿಸಿದ್ದು ಮಲ್ಲಿಕಾರ್ಜುನ ದೇವಾಲಯ. ಕಂಚಿಯ ಗುಡಿಯ ಛಾಯೆ ವಿರೂಪಾಕ್ಷದಲ್ಲಿ ಸ್ಪಷ್ಟವಾಗಿ ಕಾಣುತ್ತದೆ. ವಿರೂಪಾಕ್ಷದ ಛಾಯೆ ಮುಂದೆ ಎಲ್ಲೋರದ ಕೈಲಾಸದಲ್ಲಿ ಮೂಡಿತು. ಶತ್ರುವಿನ ನಾಡಿನಿಂದ ಬಂದದ್ದು ವಿದ್ಯೆ! ಇದನ್ನು ನಿರ್ಮಿಸಿದ ಗುಂಡ ಅನಿವಾರಿತಾಚಾರಿಗೆ ‘ತ್ರಿಭುವನಾಚಾರಿ’ ಎಂಬ ಬಿರುದು ಸಂದಿತು. ಕಟ್ಟಿಸಿದವರ ಹೆಸರು ಉಳಿದು ಕಟ್ಟಿದವರ ಹೆಸರು ಅಳಿಯುವುದೇ ಹೆಚ್ಚು. ಇಲ್ಲಿ ಎರಡೂ ಉಳಿದಿವೆ. ಒಳಗಿನ ಕಂಬಗಳ ಮೇಲೆ ರಾಮಾಯಣ, ಮಹಾಭಾರತಗಳ ಪ್ರಸಂಗಗಳಿವೆ. ಅವಸರದಲ್ಲಿ ಬಂದವರಿಗೆ ಅವು ಬರಿಯ ಗೀರುಗಳಂತೆ ಕಂಡಾವು. ಕತ್ತಲೆಗೆ ಕಣ್ಣು ಹೊಂದಿಕೊಳ್ಳುವವರೆಗೆ ಕಾಯಬೇಕು.

೧೯೮೭ರಲ್ಲಿ ಯುನೆಸ್ಕೊ ಸಂಸ್ಥೆಯು ಪಟ್ಟದಕಲ್ಲನ್ನು ವಿಶ್ವ ಪರಂಪರೆಯ ತಾಣವೆಂದು ಸಾರಿತು. ಮನ್ನಣೆ ದೊಡ್ಡದು. ಆದರೆ ಊರಿಗೆ ಹಿರಿಮೆಯನ್ನು ತಂದ ಹೊಳೆ ಇಂದು ಅದಕ್ಕೆ ಅಪಾಯವನ್ನೂ ತರುತ್ತಿದೆ. ೨೦೧೯ರ ಆಗಸ್ಟಿನಲ್ಲಿ ಮಲಪ್ರಭೆ ಉಕ್ಕಿ ಹರಿದಾಗ ನೀರು ಗುಡಿಗಳ ಆವರಣಕ್ಕೆ ನುಗ್ಗಿತು. ಊರಿನ ಜನ ಮನೆಗಳನ್ನು ತೊರೆಯಬೇಕಾಯಿತು. ಮರಳುಗಲ್ಲು ಕೆತ್ತಲು ಮೃದು. ಆ ಮೃದುತ್ವದಿಂದಲೇ ನೀರಿಗೂ ಬೇಗ ಸವೆಯುತ್ತದೆ.

ವಿರೂಪಾಕ್ಷನಿಗೆ ಇಂದಿಗೂ ಪೂಜೆ ಸಲ್ಲುತ್ತಿದೆ. ಗರ್ಭಗುಡಿಯಿಂದ ಪೂರ್ವದ ಬಾಗಿಲಿಗೆ ಬಂದು ನಿಂತರೆ ಎದುರಿಗೆ ನಂದಿಮಂಟಪ, ಅದರಾಚೆ ಮಹಾದ್ವಾರ, ಅದರಾಚೆ ಹೊಳೆ.