ಸಿಂಗಳೀಕ ಮತ್ತು ಉಪ್ಪಾಗೆಯ ಹಣ್ಣು

ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿಗಳ ಎರೆಯ ಬಯಲಿನಲ್ಲಿ ಬೆಳೆದ ನಮ್ಮಂಥವರಿಗೆ ಕಪಿಯೆಂದರೆ ಗುಡಿಯ ಮುಂದಿನ ಬೇವಿನ ಮರದಿಂದಿಳಿದು ಭಕ್ತರ ಕೈಯ ತೆಂಗಿನ ಹೋಳನ್ನು ಕಸಿಯುವ ಮಂಗ. ಅದರ ಕುಲಕ್ಕೂ ಅಳಿವಿನ ಭಯವುಂಟೆಂದರೆ ನಗು ಬಂದೀತು. ವಿಜಯಪುರದ ಪಕ್ಕದ ತೊರವೆಯ ಕುಮಾರವಾಲ್ಮೀಕಿಯ ರಾಮಾಯಣವನ್ನು ಪಾಠ ಹೇಳುತ್ತ ನಾನು ಕಪಿಸೇನೆಯ ಬಗೆಗೆ ಎಷ್ಟೋ ಮಾತಾಡಿದ್ದೇನೆ. ಸಿಂಗಳೀಕವೆಂದರೇನೆಂದು ಯಾರಾದರೂ ಕೇಳಿದರೆ ಮಾತ್ರ, 'ಒಂದು ಜಾತಿಯ ಕೋತಿ' ಎಂದು ಅರ್ಥ ಬರೆಯಿಸಿ ಮುಂದೆ ಸಾಗುತ್ತಿದ್ದೆ. ಅದನ್ನು ಕಣ್ಣಾರೆ ಕಂಡದ್ದು ನಿವೃತ್ತನಾದ ಮೇಲೆ, ಮೈಸೂರಿನ ಮೃಗಾಲಯದಲ್ಲಿ.

ಕಪ್ಪು ಮೈ, ಮುಖದ ಸುತ್ತ ಬೆಳ್ಳಿಯ ಕೇಸರ, ಬಾಲದ ತುದಿಗೆ ಸಿಂಹದ್ದರಂಥ ಕುಚ್ಚು. ಜಗತ್ತಿನಲ್ಲಿ ಇದರ ತವರು ಒಂದೇ: ಕರ್ನಾಟಕ, ಕೇರಳ, ತಮಿಳುನಾಡುಗಳ ಪಶ್ಚಿಮ ಘಟ್ಟ. ಅಲ್ಲಿ ಉಳಿದಿರುವವು ನಾಲ್ಕು ಸಾವಿರಕ್ಕೂ ಕಡಿಮೆಯೆಂದು ಅಂದಾಜು. ಕೊಂಬೆಯಿಂದ ಕೊಂಬೆಗೆ ದಾಟಿಯೇ ಬದುಕುವ ಪ್ರಾಣಿಯಾದ್ದರಿಂದ ನಡುವೆ ಕಾಡು ತುಂಡಾದರೆ ಹಿಂಡು ಅಲ್ಲಿಯೇ ಸೆರೆಯಾಗುತ್ತದೆ. ಹೆಣ್ಣು ಹೆರುವುದು ಒಮ್ಮೆಗೆ ಒಂದೇ ಮರಿ. ಅದೂ ವರ್ಷಗಳ ಅಂತರದಲ್ಲಿ. ಕಳೆದುಕೊಂಡ ಸಂಖ್ಯೆ ಬೇಗ ತುಂಬದು.

1964ರಲ್ಲಿ ಪೂರ್ಣವಾದ ಲಿಂಗನಮಕ್ಕಿ ಅಣೆಕಟ್ಟಿನ ಹಿನ್ನೀರು ಶರಾವತಿ ಕೊಳ್ಳದ ಬಹಳಷ್ಟು ಕಾಡನ್ನು ನುಂಗಿತು. ಕೃಷ್ಣೆಯ ಹಿನ್ನೀರಿಗೆ ಊರು ಬಿಟ್ಟವರು ನಮ್ಮ ಜಿಲ್ಲೆಯಲ್ಲಿಯೂ ಇದ್ದಾರೆ. ಅವರಿಗೆ ಪರಿಹಾರ ಕೇಳಲು ಬಾಯಿಯಾದರೂ ಇತ್ತು.

ಮೈಸೂರಿನ ಮೃಗಾಲಯ 1892ರಷ್ಟು ಹಳೆಯದು. ಸಿಂಗಳೀಕದ ವಂಶಾಭಿವೃದ್ಧಿಗೆ ಅಲ್ಲಿ ಯತ್ನ ನಡೆದಿದೆ. ನನಗಾಗ ನೆನಪಾದದ್ದು ಹಗೇವಿನಲ್ಲಿ ಕಾಪಿಟ್ಟ ಬೀಜದ ಜೋಳ. ಬೀಜ ಬೇಕು, ನಿಜ. ಆದರೆ ಬಿತ್ತಲು ಹೊಲವಿರಬೇಕಷ್ಟೆ. ಪಂಜರದಲ್ಲಿ ಹುಟ್ಟಿದ ಮರಿಗೆ ಯಾವ ಮರ ಯಾವ ಮಾಸದಲ್ಲಿ ಫಲ ಬಿಡುವುದೆಂದು ಕಲಿಸುವವರಾರು?

ಹೊಲದ ಮಾತಿಗೆ ಬಂದರೆ, ಶಿರಸಿ ಹೊನ್ನಾವರಗಳ ಕಡೆ 2011ರಲ್ಲಿ ಅಘನಾಶಿನಿ ಸಿಂಗಳೀಕ ಸಂರಕ್ಷಣಾ ಮೀಸಲು ಪ್ರದೇಶ ಘೋಷಿತವಾಯಿತು. 2019ರಲ್ಲಿ ಶರಾವತಿ ಕಣಿವೆ ಸಿಂಗಳೀಕ ಅಭಯಾರಣ್ಯವಾಯಿತು. ಗಡಿ ಬರೆದ ಮಾತ್ರಕ್ಕೆ ತೊಡಕು ಮುಗಿಯಲಿಲ್ಲ. ಆ ಕಾಡಿನ ಉಪ್ಪಾಗೆ ಸಿಂಗಳೀಕದ ಆಹಾರ. ಮೈ ಇಳಿಸುವ ಗುಳಿಗೆಗೆಂದು 1990ರ ದಶಕದಿಂದ ಅದರ ಸಿಪ್ಪೆಗೆ ಹೊರದೇಶಗಳಲ್ಲಿ ಬೇಡಿಕೆ ಹುಟ್ಟಿತು. ಉಂಡು ಬೊಜ್ಜು ಬಂದವರಿಗಾಗಿ ಉಣ್ಣಲಿಲ್ಲದ ಕೋತಿಯ ಹಣ್ಣು! ಆದರೂ ಮಳೆಯಲ್ಲಿ ಮರವೇರಿ ಕೊಯ್ದು, ಸಿಪ್ಪೆ ಒಣಗಿಸಿ, ಆ ಹಣದಿಂದ ಅಕ್ಕಿ ತರುವವನಿಗೆ ಕೊಯ್ಯಬೇಡವೆನ್ನಲು ನನಗೆ ನಾಲಗೆ ಬಾರದು. ಬಲಿಯುವ ಮೊದಲೇ, ಪಕ್ಕದವನು ಕೊಯ್ದಾನೆಂಬ ಅವಸರದಲ್ಲಿ ಬೋಳಿಸುವುದಷ್ಟೇ ಬೇಡ. ಹಣ್ಣಾದ ಮೇಲೆ ಕೊಯ್ಯುವುದೆಂದೂ ಒಂದು ಪಾಲು ಮರದಲ್ಲಿಯೇ ಬಿಡುವುದೆಂದೂ ಊರವರು ಕೂಡಿ ಗೊತ್ತುಮಾಡಿಕೊಂಡರೆ, ಬಿಟ್ಟ ಪಾಲಿನ ನಷ್ಟವನ್ನು ಸಿಪ್ಪೆ ಕೊಳ್ಳುವ ವ್ಯಾಪಾರಿ ಬೆಲೆಯಲ್ಲಿ ತುಂಬಿಕೊಡಲಿ.