ಅರವತ್ನಾಲ್ಕು ಪಾದಗಳ ಲೆಕ್ಕ

ಅಲಾಸ್ಕದಲ್ಲಿ ಮಾರ್ಚ್ ತಿಂಗಳು ಬಂತೆಂದರೆ ಇಡಿಟರಾಡ್ ಓಟ. ನಾಯಿಗಳು ಎಳೆಯುವ ಜಾರುಬಂಡಿಗಳು ಆಂಕರೇಜ್ ನಗರದ ಕಡೆಯಿಂದ ಹೊರಟು ಪರ್ವತಶ್ರೇಣಿಗಳನ್ನು ದಾಟುತ್ತವೆ, ಹೆಪ್ಪುಗಟ್ಟಿದ ಯೂಕಾನ್ ನದಿಯ ಮೇಲೆ ಓಡುತ್ತವೆ, ಬೇರಿಂಗ್ ಸಮುದ್ರದ ದಡದಲ್ಲಿರುವ ನೋಮ್ ಎಂಬ ಪುಟ್ಟ ಊರಿಗೆ ಬಂದು ನಿಲ್ಲುತ್ತವೆ. ಹಾದಿ ಸುಮಾರು 1,600 ಕಿಲೋಮೀಟರ್. ಅಂದರೆ ಒಂದರ ಬೆನ್ನಿಗೆ ಒಂದರಂತೆ 38 ಮ್ಯಾರಥಾನ್. 2014ರಲ್ಲಿ ಡಲ್ಲಾಸ್ ಸೀವಿಯ ತಂಡ ಇಷ್ಟನ್ನೂ 8 ದಿನ 13 ಗಂಟೆ 4 ನಿಮಿಷದಲ್ಲಿ ಮುಗಿಸಿತು. ದಿನಕ್ಕೆ ನಾಲ್ಕಕ್ಕೂ ಹೆಚ್ಚು ಮ್ಯಾರಥಾನ್! ಅದೂ ನಿಯಮದ ಪ್ರಕಾರ ಒಂದು ಕಡೆ 24 ಗಂಟೆ, ಇನ್ನೆರಡು ಕಡೆ ಎಂಟೆಂಟು ಗಂಟೆ ಕಡ್ಡಾಯವಾಗಿ ನಿಂತು. ಆ 40 ಗಂಟೆಗಳನ್ನು ಕಳೆದರೆ ಉಳಿಯುವುದು 165 ಗಂಟೆ. ಆ 165ರಲ್ಲೇ ನಾಯಿಗಳು ಮತ್ತೆ ಮತ್ತೆ ಮಲಗಬೇಕು, ಉಣ್ಣಬೇಕು, ಉಳಿದ ಹೊತ್ತಿನಲ್ಲಿ ಓಡಬೇಕು.

ಓಡುವ ಪ್ರಾಣಿಯನ್ನು ನೋಡಿದರೆ ಇದು ಇನ್ನಷ್ಟು ನಂಬಲಾಗದ ಮಾತು. ಅಲಾಸ್ಕನ್ ಹಸ್ಕಿ ಸಿನಿಮಾಗಳಲ್ಲಿ ಕಾಣುವ ದಪ್ಪ ರೋಮದ, ನೀಲಿ ಕಣ್ಣಿನ ದೈತ್ಯನಲ್ಲ. ತೆಳ್ಳಗಿನ, ಉದ್ದ ಕಾಲಿನ, ಸುಮಾರು 25 ಕಿಲೋ ತೂಗುವ ಮಿಶ್ರತಳಿಯ ನಾಯಿ. ಓಟದ ದಿನಗಳಲ್ಲಿ ಅದು ದಿನಕ್ಕೆ 10,000 ಕ್ಯಾಲೊರಿಯಷ್ಟು ಸುಡುತ್ತದೆ. ದೇಹತೂಕದ ಪ್ರತಿ ಕಿಲೋಗೆ 400 ಕ್ಯಾಲೊರಿ. ಇದೇ ದರದಲ್ಲಿ ಸುಡುವುದಾದರೆ 70 ಕಿಲೋ ತೂಕದ ಮನುಷ್ಯ ದಿನಕ್ಕೆ 28,000 ಕ್ಯಾಲೊರಿ ತಿನ್ನಬೇಕು. ಟೂರ್ ಡಿ ಫ್ರಾನ್ಸ್‌ನ ಪರ್ವತದ ಹಾದಿಗಳಲ್ಲಿ ಸೈಕಲ್ ತುಳಿಯುವವರಿಗೂ ಅದರ ಮೂರನೆಯ ಒಂದು ಪಾಲು ಮುಟ್ಟುವುದು ಕಷ್ಟ. ಪ್ರತಿ ನಿಮಿಷಕ್ಕೆ, ಪ್ರತಿ ಕಿಲೋ ತೂಕಕ್ಕೆ ದೇಹ ಎಷ್ಟು ಮಿಲಿಲೀಟರ್ ಆಮ್ಲಜನಕ ಬಳಸಬಲ್ಲದು ಎಂಬ ಅಳತೆಯಲ್ಲಿ ಜಗತ್ತಿನ ಅತ್ಯುತ್ತಮ ಸ್ಕೀ ಓಟಗಾರರು 90 ದಾಟಿದರೆ ಅದೇ ದೊಡ್ಡ ಸುದ್ದಿ. ಈ ನಾಯಿಗಳದ್ದು 200ರ ಆಸುಪಾಸು.

ಒಕ್ಲಹೋಮ ಸ್ಟೇಟ್ ವಿಶ್ವವಿದ್ಯಾಲಯದ ಪಶುವೈದ್ಯ ವಿಜ್ಞಾನಿ ಮೈಕಲ್ ಡೇವಿಸ್ ವರ್ಷಗಟ್ಟಲೆ ಈ ನಾಯಿಗಳ ಬೆನ್ನು ಹತ್ತಿದವರು. ಮೊದಲ ದಿನದ ಓಟದಲ್ಲಿ ಅವುಗಳ ಸ್ನಾಯುವಿನಲ್ಲಿ ಕೂಡಿಟ್ಟ ಗ್ಲೈಕೋಜೆನ್ ಸವೆಯುತ್ತದೆ, ಸ್ನಾಯುಗಳು ನಮ್ಮವುಗಳಂತೆಯೇ ದಣಿಯುತ್ತವೆ. ಆಮೇಲೆ ನಡೆಯುವುದು ಸೋಜಿಗ. ಓಟ ನಿಲ್ಲುವುದಿಲ್ಲ, ಆದರೂ ದೇಹದ ಇಂಧನದ ವ್ಯವಸ್ಥೆಯೇ ಬದಲಾಗಿ, ಎರಡು ಮೂರು ದಿನ ಕಳೆಯುವಷ್ಟರಲ್ಲಿ ದಣಿವಿನ ಗುರುತುಗಳು ಹಿಂದೆ ಸರಿಯುತ್ತವೆ. ಐದನೆಯ ದಿನ ಓಡುತ್ತಿರುವ ನಾಯಿಯ ದೇಹ ಓಟವನ್ನೇ ತನ್ನ ಸಹಜ ಸ್ಥಿತಿ ಎಂದು ಒಪ್ಪಿಕೊಂಡಿರುತ್ತದೆ. ಮನುಷ್ಯದೇಹಕ್ಕೆ ಈ ವಿದ್ಯೆ ಗೊತ್ತಿಲ್ಲ.

ಹಾಗಾದರೆ ಬಂಡಿಯ ಹಿಂದೆ ನಿಂತ ಮನುಷ್ಯನ ಕೆಲಸವೇನು? ಮಶರ್ ಎಂದು ಕರೆಸಿಕೊಳ್ಳುವ ಈ ಓಟಗಾರನ ಕೈಯಲ್ಲಿ ಲಗಾಮು ಇರುವುದಿಲ್ಲ. ಬಲಕ್ಕೆ ತಿರುಗಲು ‘ಜೀ’, ಎಡಕ್ಕೆ ‘ಹಾ’, ನಿಲ್ಲಲು ‘ವೋ’, ಇಷ್ಟೇ ಕೂಗು. ಇಪ್ಪತ್ತು ಮೀಟರ್ ದೂರದಲ್ಲಿರುವ ಮುಂದಾಳು ನಾಯಿ ಅದನ್ನು ಕೇಳಿ ಪಾಲಿಸಿದರೆ ಉಂಟು, ಇಲ್ಲದಿದ್ದರೆ ಇಲ್ಲ. ಇಡೀ ತಂಡದಲ್ಲಿ ಅತ್ಯಂತ ನಿಧಾನದ, ಅತ್ಯಂತ ದುರ್ಬಲ ಪ್ರಾಣಿ ಮಶರ್. ಅವನ ಹಿರಿಮೆಯೆಲ್ಲ ನಾಯಿಗಳು ನಿಂತ ಮೇಲೆ ಶುರುವಾಗುತ್ತದೆ.

ಒಂದು ತಂಡಕ್ಕೆ 14ರಿಂದ 16 ನಾಯಿ. 16 ಎಂದು ಹಿಡಿಯೋಣ. ಅರವತ್ನಾಲ್ಕು ಪಾದಗಳು. ಪ್ರತಿ ಪಾದಕ್ಕೂ ಬಟ್ಟೆಯ ಒಂದು ಬೂಟಿ. ಇದು ಚಳಿಗೆ ಹಾಕುವುದಲ್ಲ. ಬೆರಳ ಸಂದಿನಲ್ಲಿ ಹಿಮ ಉಂಡೆಗಟ್ಟದಂತೆ, ಗಾಜಿನ ಪುಡಿಯಂತೆ ಹರಿತವಾದ ಹಿಮಗಲ್ಲು ಚರ್ಮವನ್ನು ತರಚದಂತೆ ಹಾಕುವ ಕಾಪು. ಅದು ಬೇಗ ಸವೆಯುತ್ತದೆ. ಹಾದಿಯಲ್ಲಿ ಇಪ್ಪತ್ತಕ್ಕೂ ಹೆಚ್ಚು ತಪಾಸಣಾ ಠಾಣೆಗಳಿವೆ; ಇಪ್ಪತ್ತು ಸಲ ಬದಲಿಸಿದರೂ 1,280 ಬೂಟಿಗಳಾದವು. ಒಂದಕ್ಕೆ ಹತ್ತು ಸೆಕೆಂಡು ಸಾಕೆಂದುಕೊಂಡರೆ ಬರೀ ತೊಡಿಸುವುದಕ್ಕೇ ಮೂರೂವರೆ ಗಂಟೆ. ಪಟ್ಟಿಯನ್ನು ಬಿಗಿಯಾಗಿ ಕಟ್ಟಿದರೆ ರಕ್ತ ಓಡುವುದಿಲ್ಲ, ಸಡಿಲವಾದರೆ ಬೂಟಿ ಹಿಮದಲ್ಲಿ ಕಳಚಿ ಬೀಳುತ್ತದೆ. ಕೈಗವಸು ಹಾಕಿಕೊಂಡು ಈ ಹದ ತಿಳಿಯುವುದು ಕಷ್ಟ. ಆದ್ದರಿಂದ ಮೈನಸ್ 30 ಡಿಗ್ರಿಯಲ್ಲೂ ಬರಿಗೈಯಲ್ಲಿ, ಮಂಡಿಯೂರಿ, ಒಂದಾದ ಮೇಲೊಂದು ಕಾಲನ್ನು ಎತ್ತಿ ಹಿಡಿಯಬೇಕು. ಬಿಚ್ಚುವಾಗಲೂ ಅಷ್ಟೇ. ಬಿಚ್ಚಿದ ಮೇಲೆ ಪ್ರತಿ ಬೆರಳ ಸಂದನ್ನೂ ನೋಡಿ ಮುಲಾಮು ಸವರಬೇಕು.

ನೀರು ಇನ್ನೊಂದು ಲೆಕ್ಕ. ಹಲವು ಕಡೆ ಕುಡಿಯುವ ನೀರೆಂದರೆ ಹಿಮವೇ. ಒಂದು ನಾಯಿಗೆ ಒಂದು ನಿಲುಗಡೆಯಲ್ಲಿ ಎರಡು ಲೀಟರ್ ಎಂದಿಟ್ಟುಕೊಂಡರೂ ತಂಡಕ್ಕೆ 32 ಲೀಟರ್ ಬೇಕು. ಹೊಸದಾಗಿ ಬಿದ್ದ ಒಣ ಹಿಮ ಕರಗಿದರೆ ಹತ್ತರಲ್ಲಿ ಒಂದು ಪಾಲು ನೀರಾದೀತು. ಅಂದರೆ ಮುನ್ನೂರು ಲೀಟರಿಗೂ ಮಿಕ್ಕಿದ ಹಿಮವನ್ನು ಆಲ್ಕೊಹಾಲ್ ಒಲೆಯ ಪಾತ್ರೆಗೆ ಬಗೆದು ಬಗೆದು ತುಂಬಬೇಕು. ಅದರಲ್ಲಿ ಮಾಂಸ, ಕೊಬ್ಬು, ಒಣ ಆಹಾರವನ್ನು ನೆನೆಸಿ ಗಂಜಿಯಂತೆ ಬಡಿಸಬೇಕು. ಹತ್ತು ದಿನಕ್ಕೆ 16 ನಾಯಿಗಳಿಗೆ ಬೇಕಾದ ಶಕ್ತಿ 16 ಲಕ್ಷ ಕ್ಯಾಲೊರಿ. ದಿನಕ್ಕೆ 2,000 ಕ್ಯಾಲೊರಿ ಉಣ್ಣುವ ಒಬ್ಬರಿಗೆ ಅದು ಎರಡು ವರ್ಷಕ್ಕೂ ಹೆಚ್ಚು ಕಾಲದ ಊಟ. ಓಟಕ್ಕೆ ಮೊದಲೇ ಈ ಆಹಾರವನ್ನು ಕತ್ತರಿಸಿ, ಚೀಲಗಳಲ್ಲಿ ತುಂಬಿ, ಹೆಸರು ಬರೆದು ಕೊಟ್ಟರೆ ಸ್ವಯಂಸೇವಕ ಪೈಲಟ್‌ಗಳು ಪುಟ್ಟ ವಿಮಾನಗಳಲ್ಲಿ ಠಾಣೆಯಿಂದ ಠಾಣೆಗೆ ಇಳಿಸಿ ಬರುತ್ತಾರೆ.

ಆರು ಗಂಟೆ ಓಟ, ಆರು ಗಂಟೆ ವಿಶ್ರಾಂತಿ ಎಂಬ ಲಯದಲ್ಲಿ ಸಾಗಿದರೆ ಆ ಆರು ಗಂಟೆ ವಿಶ್ರಾಂತಿ ನಾಯಿಗಳಿಗೆ ಮಾತ್ರ. ಹುಲ್ಲು ಹಾಸಿ, ಬೂಟಿ ಬಿಚ್ಚಿ, ಹಿಮ ಕರಗಿಸಿ, ಉಣಿಸಿ, ಹೆಗಲು ನೀವಿ, ಪಶುವೈದ್ಯರಿಗೆ ತೋರಿಸಿ, ಮತ್ತೆ ಬೂಟಿ ತೊಡಿಸುವಷ್ಟರಲ್ಲಿ ಮಶರ್‌ಗೆ ಉಳಿಯುವ ನಿದ್ದೆ ಒಂದೆರಡು ಗಂಟೆ. ಒಂಬತ್ತು ಹತ್ತು ದಿನ ಹೀಗೆ. ಇಲ್ಲದ ಮರಗಳು, ಇಲ್ಲದ ಊರುಗಳು ಕಣ್ಣಿಗೆ ಕಾಣತೊಡಗುತ್ತವೆ ಎಂದು ಬಹಳ ಮಂದಿ ಮಶರ್‌ಗಳು ಹೇಳಿದ್ದಾರೆ. 2014ರ ಆ ಗೆಲುವಿನಲ್ಲಿ ಈ ನಿದ್ದೆಗೇಡಿನ ಅಚ್ಚು ಇದೆ. ಮುಂದಿದ್ದ ಜೆಫ್ ಕಿಂಗ್ ಕೊನೆಯ ಠಾಣೆಯ ಹತ್ತಿರ ಬಿರುಗಾಳಿಗೆ ಸಿಕ್ಕಿ ನಿಂತರು. ಎರಡನೆಯವರಾಗಿದ್ದ ಆಲಿ ಜರ್ಕಲ್ ಆ ಠಾಣೆಯಲ್ಲೇ ಗಾಳಿ ತಗ್ಗಲೆಂದು ಕಾದರು. ಸೀವಿಗೆ ಎರಡೂ ಗೊತ್ತಿಲ್ಲ. ತಾನು ಮೂರನೆಯವನೆಂದೇ ತಿಳಿದು, ಹಿಂದೆ ಕಾಣುತ್ತಿದ್ದ ದೀಪ ತಂದೆ ಮಿಚ್‌ದೆಂದು ಭಾವಿಸಿ ನೋಮ್‌ಗೆ ಓಡಿಸಿಕೊಂಡು ಬಂದರು. ಗೆದ್ದದ್ದು ತಾನೇ ಎಂದು ತಿಳಿದದ್ದು ಬಂಡಿ ನಿಂತ ಮೇಲೆ. ಹಿಂದಿದ್ದ ದೀಪ ಜರ್ಕಲ್‌ದು. ಅಂತರ 2 ನಿಮಿಷ 22 ಸೆಕೆಂಡು.

ಅದಕ್ಕಿಂತ ಕಿರಿದಾದ ಅಂತರವೂ ಉಂಟು. 1978ರಲ್ಲಿ ಡಿಕ್ ಮ್ಯಾಕಿ 14 ದಿನ 18 ಗಂಟೆ 52 ನಿಮಿಷ 24 ಸೆಕೆಂಡಿನಲ್ಲಿ ನೋಮ್ ಮುಟ್ಟಿದರು. ರಿಕ್ ಸ್ವೆನ್ಸನ್ ಮುಟ್ಟಿದ್ದು 25ನೇ ಸೆಕೆಂಡಿನಲ್ಲಿ. ಎಲ್ಲವನ್ನೂ ಸೆಕೆಂಡಿಗೆ ಇಳಿಸಿದರೆ 12,77,544ಕ್ಕೆ ಎದುರಾಗಿ 12,77,545. ಮ್ಯಾಕಿಯ ಮುಂದಾಳು ನಾಯಿಯ ಮೂಗು ಗೆರೆ ದಾಟಿದ್ದೇ ತೀರ್ಪಾಯಿತು. ಈ ಮ್ಯಾಕಿ ಮನೆತನದ ಅಂಕಿಗಳನ್ನು ಎಷ್ಟು ಸಲ ಓದಿದರೂ ನನಗೆ ಮೈ ಜುಮ್ಮೆನ್ನುತ್ತದೆ: ತಂದೆ ಡಿಕ್, ಹಿರಿಯ ಮಗ ರಿಕ್, ಕಿರಿಯ ಮಗ ಲ್ಯಾನ್ಸ್ ಮೂವರೂ ಗೆದ್ದದ್ದು ತಮ್ಮ ತಮ್ಮ ಆರನೇ ಯತ್ನದಲ್ಲಿ, ಮೂವರೂ ತೊಟ್ಟಿದ್ದ ಅಂಗಿಯ ಸಂಖ್ಯೆ 13. ಲ್ಯಾನ್ಸ್ ಗಂಟಲ ಕ್ಯಾನ್ಸರ್‌ನಿಂದ ಎದ್ದು ಬಂದವರು. 2007ರಿಂದ 2010ರವರೆಗೆ ಸತತ ನಾಲ್ಕು ವರ್ಷ ಗೆದ್ದರು.

ಈ ಓಟವನ್ನು ಕಟ್ಟಿದವರು ಜೋ ರೆಡಿಂಗ್ಟನ್. ಹಿಮದ ಮೇಲೆ ಮೋಟಾರು ಬಂಡಿ ಬಂದು ಹಳ್ಳಿಗಳ ಅಂಗಳದಿಂದ ನಾಯಿಗಳು ಮಾಯವಾಗುತ್ತಿದ್ದ ಕಾಲ. 1973ರ ಮೊದಲ ಓಟಕ್ಕೆ 34 ಮಂದಿ ಹೊರಟರು, 22 ಮಂದಿ ಮುಟ್ಟಿದರು. ಗೆದ್ದ ಡಿಕ್ ವಿಲ್ಮಾರ್ತ್‌ಗೆ 20 ದಿನ, ಕೊನೆಯವರಿಗೆ 32 ದಿನ. ರೆಡಿಂಗ್ಟನ್ ಸ್ವತಃ 1997ರಲ್ಲಿ, ತಮ್ಮ 80ನೇ ವಯಸ್ಸಿನಲ್ಲಿ, ಈ ಹಾದಿ ಮುಗಿಸಿದರು. ಎವರೆಸ್ಟ್ ತುದಿ ಮೆಟ್ಟಿದವರು ಇಂದು 6,000 ದಾಟಿದ್ದಾರೆ. ಇಡಿಟರಾಡ್ ಮುಗಿಸಿದವರ ಸಂಖ್ಯೆ ಇನ್ನೂ ಒಂದು ಸಾವಿರ ಮುಟ್ಟಿಲ್ಲ.

ಇದೇ ನೋಮ್‌ಗೆ 1925ರಲ್ಲಿ ಗಂಟಲಮಾರಿಯ ಔಷಧಿ ತಲುಪಿದ್ದೂ ನಾಯಿಗಳಿಂದಲೇ. 1,085 ಕಿಲೋಮೀಟರ್, 20 ಮಶರ್‌ಗಳು, ಸುಮಾರು 150 ನಾಯಿಗಳು, ಐದೂವರೆ ದಿನ. ಊರಿಗೆ ಔಷಧಿ ತಂದ ಬಾಲ್ಟೊ ಎಂಬ ನಾಯಿಗೆ ನ್ಯೂಯಾರ್ಕಿನಲ್ಲಿ ಪ್ರತಿಮೆ ಎದ್ದಿತು. ಹೋಗುವುದೂ ಬರುವುದೂ ಸೇರಿ 420 ಕಿಲೋಮೀಟರ್ ಓಡಿ ಎಲ್ಲರಿಗಿಂತ ಹೆಚ್ಚಿನ ಹೊರೆ ಹೊತ್ತದ್ದು ಮಶರ್ ಲಿಯೊನಾರ್ಡ್ ಸೆಪ್ಪಾಲರ ನಾಯಿ ಟೋಗೊ. ಆಗ ಅದಕ್ಕೆ ಹನ್ನೆರಡರ ಹತ್ತಿರದ ವಯಸ್ಸು.

ಮಶರ್ ಎಂಬ ಬದುಕಿನ ಪೂರ್ತಿ ಅಳತೆ ಸಿಗಬೇಕಾದರೆ ಸೂಸನ್ ಬುಚರ್ ಅವರನ್ನು ನೋಡಬೇಕು. 1954ರಲ್ಲಿ ಮ್ಯಾಸಚುಸೆಟ್ಸ್‌ನಲ್ಲಿ ಹುಟ್ಟಿ, ಇಪ್ಪತ್ತರ ಹರೆಯದಲ್ಲಿ ಅಲಾಸ್ಕಕ್ಕೆ ಬಂದ ಹುಡುಗಿ. ರ‍್ಯಾಂಗಲ್ ಪರ್ವತಗಳ ನಡುವೆ ಮರದ ಗುಡಿಸಲಿನಲ್ಲಿ ನಾಯಿಗಳೊಡನೆ ಬದುಕಿದರು. 1978ರಲ್ಲಿ ಮೊದಲ ಇಡಿಟರಾಡ್, 19ನೇ ಸ್ಥಾನ. ಮರುವರ್ಷ ರೆಡಿಂಗ್ಟನ್ ಜೊತೆ ನಾಯಿಬಂಡಿಯನ್ನು 6,190 ಮೀಟರ್ ಎತ್ತರದ ಡೆನಾಲಿ ಶಿಖರಕ್ಕೆ ಏರಿಸಿದರು. ಅಲ್ಲಿಯವರೆಗೆ ಯಾರೂ ಮಾಡಿರದ ಕೆಲಸ ಅದು.

ಒಳನಾಡಿನ ಯುರೇಕಾದಲ್ಲಿದ್ದ ಅವರ ನಾಯಿಸಾಕಣೆ ಕೇಂದ್ರದಲ್ಲಿ ನೂರಕ್ಕೂ ಹೆಚ್ಚು ನಾಯಿಗಳಿದ್ದವು. ಒಂದು ನಾಯಿಗೆ ಸಾಮಾನ್ಯವಾಗಿ 18 ಉಗುರು, ನೂರಕ್ಕೆ 1,800. ಎಲ್ಲವನ್ನೂ ಕತ್ತರಿಸಬೇಕು. ದಿನವೂ ನೂರು ತಟ್ಟೆ, ನೂರು ಗೂಡು, ನೂರು ನಾಯಿಗಳ ಮಲ. ಹಿಮವಿಲ್ಲದ ಶರತ್ಕಾಲದಲ್ಲಿ ನಾಲ್ಕು ಗಾಲಿಯ ಮೋಟಾರು ಬಂಡಿಗೆ ಕಟ್ಟಿ ಓಡಿಸುವುದು, ಚಳಿಗಾಲದಲ್ಲಿ ಸಾವಿರಾರು ಕಿಲೋಮೀಟರ್ ಅಭ್ಯಾಸ. ಜಗತ್ತು ನೋಡುವ ಹತ್ತು ದಿನಗಳ ಹಿಂದೆ ಯಾರೂ ನೋಡದ 355 ದಿನಗಳಿವೆ. ಹುಟ್ಟಿದ ಕ್ಷಣದಿಂದ ಮರಿಗಳನ್ನು ಕೈಯಲ್ಲಿ ಆಡಿಸಿ, ಪ್ರತಿಯೊಂದರ ಗುಣ ಅರಿತು ಬೆಳೆಸಿದ್ದೇ ಬುಚರ್ ಅವರ ವಿದ್ಯೆ ಎಂದು ನನಗೆ ಗಟ್ಟಿಯಾಗಿ ಅನ್ನಿಸುತ್ತದೆ.

1985ರ ಓಟದಲ್ಲಿ ಅವರು ಮುಂದಿದ್ದರು. ಕತ್ತಲಲ್ಲಿ ಹಾದಿಗೆ ಅಡ್ಡ ಬಂದ ಹಸಿದ ಮೂಸ್ ಎಂಬ ದೈತ್ಯ ಜಿಂಕೆಯೊಂದು ನಾಯಿಗಳ ಸಾಲಿನೊಳಗೆ ನುಗ್ಗಿತು. ಹಗ್ಗಕ್ಕೆ ಕಟ್ಟಿದ ನಾಯಿಗಳು ಓಡಿಹೋಗುವಂತಿಲ್ಲ. ಬುಚರ್ ಕೊಡಲಿ ಹಿಡಿದು ಅದನ್ನು ತಡೆಯಲು ನೋಡಿದರು. ಹಿಂದಿನಿಂದ ಬಂದ ಇನ್ನೊಬ್ಬ ಮಶರ್ ಗುಂಡು ಹಾರಿಸುವಷ್ಟರಲ್ಲಿ ಎರಡು ನಾಯಿಗಳು ಸತ್ತು 13 ಗಾಯಗೊಂಡಿದ್ದವು. ಅವರು ಓಟ ಬಿಟ್ಟರು. ಆ ವರ್ಷ ಬಿರುಗಾಳಿಯ ನಡುವೆ ಒಬ್ಬರೇ ಮುನ್ನುಗ್ಗಿ ಇಡಿಟರಾಡ್ ಗೆದ್ದ ಮೊದಲ ಮಹಿಳೆಯಾದದ್ದು ಲಿಬಿ ರಿಡಲ್ಸ್.

ನಾಯಿಗಳ ಸಾವು ಈ ಓಟದ ಲೆಕ್ಕದೊಳಗೇ ಬರಬೇಕಾದ ಅಂಕಿ. 2024ರ ಓಟದಲ್ಲೂ ಮೂರು ನಾಯಿಗಳು ಸತ್ತವು. ಓಟಕ್ಕೆ ಮೊದಲು ಪ್ರತಿ ನಾಯಿಗೂ ಇಸಿಜಿ, ರಕ್ತಪರೀಕ್ಷೆ ಆಗುತ್ತದೆ, ಠಾಣೆಗಳಲ್ಲಿ ಪಶುವೈದ್ಯರಿರುತ್ತಾರೆ. ಆದರೂ ಸಾವು ಆಗಿದೆ. ಓಟವನ್ನೇ ನಿಲ್ಲಿಸಿ ಎನ್ನುವವರ ಮಾತನ್ನು ತಳ್ಳಿಹಾಕಲು ನನಗೆ ಮನಸ್ಸಾಗುವುದಿಲ್ಲ.

ಬುಚರ್ 1986ರಲ್ಲಿ ಗೆದ್ದರು, 11 ದಿನ 15 ಗಂಟೆಯ ದಾಖಲೆಯೊಂದಿಗೆ. 1987ರಲ್ಲಿ ಗೆದ್ದರು. 1988ರಲ್ಲಿ ಗೆದ್ದರು. 1989ರಲ್ಲಿ ಎರಡನೆಯವರು. 1990ರಲ್ಲಿ ಮತ್ತೆ ಗೆಲುವು, 11 ದಿನ 1 ಗಂಟೆ 53 ನಿಮಿಷ. ಐದು ವರ್ಷದಲ್ಲಿ ನಾಲ್ಕು.

1991ರಲ್ಲಿ ಐದನೆಯದು ಕೈಗೆಟುಕುವಂತಿತ್ತು. ನೋಮ್‌ಗೆ ಸುಮಾರು 124 ಕಿಲೋಮೀಟರ್ ಇರುವಾಗ, ವೈಟ್ ಮೌಂಟನ್ ಠಾಣೆಯಿಂದ ಎಲ್ಲರಿಗಿಂತ ಮೊದಲು ಹೊರಟವರು ಅವರೇ. ಬಿರುಗಾಳಿಯಲ್ಲಿ ಹಾದಿಯ ಗುರುತುಗಳೇ ಕಾಣದಾದವು. ಹದಿಮೂರು ವರ್ಷದ ಹಿಂದೆ ಒಂದು ಸೆಕೆಂಡಿನಿಂದ ಸೋತಿದ್ದ ರಿಕ್ ಸ್ವೆನ್ಸನ್ ಮುನ್ನುಗ್ಗಿದರು. ಬುಚರ್ ನಾಯಿಗಳನ್ನು ತಿರುಗಿಸಿ ಠಾಣೆಗೆ ಮರಳಿದರು. ಸ್ವೆನ್ಸನ್ 12 ದಿನ 16 ಗಂಟೆಯಲ್ಲಿ ನೋಮ್ ಮುಟ್ಟಿ ತಮ್ಮ ಐದನೇ ಗೆಲುವು ಪಡೆದರು. ಗಾಳಿ ತಗ್ಗಿದ ಮೇಲೆ ಹೊರಟ ಬುಚರ್ ಮೂರನೆಯವರಾಗಿ ಬಂದರು. ಮುಂದೆ ಅವರು ಇಡಿಟರಾಡ್ ಗೆಲ್ಲಲಿಲ್ಲ. 2006ರಲ್ಲಿ, 51ನೇ ವಯಸ್ಸಿನಲ್ಲಿ, ರಕ್ತದ ಕ್ಯಾನ್ಸರ್‌ನಿಂದ ತೀರಿಕೊಂಡರು. ಅವರ ಬದುಕಿನ ಎಲ್ಲ ಅಂಕಿಗಳಲ್ಲಿ ನನಗೆ ಅತಿ ದೊಡ್ಡದಾಗಿ ಕಾಣುವುದು 1991ರ ಆ ಮೂರನೇ ಸ್ಥಾನ.