ಇಂಗಾಲಾಮ್ಲದಿಂದ ಹದಗೊಳಿಸಿದ ಕಾಂಕ್ರೀಟು: ಬಲವೆಷ್ಟು, ಬಾಳಿಕೆಯೆಷ್ಟು?

ಸಿಮೆಂಟು ಬ್ಲಾಕುಗಳಿಗೆ ವಾರಗಟ್ಟಲೆ ನೀರು ಹಾಕುವ ಬದಲು, ಇಂಗಾಲದ ಡೈ ಆಕ್ಸೈಡ್ ಅನಿಲ ತುಂಬಿದ ಕೋಣೆಯಲ್ಲಿಟ್ಟು ಒಂದೇ ದಿನದಲ್ಲಿ ಗಟ್ಟಿ ಮಾಡುವ ವಿಧಾನದ ಬಗ್ಗೆ ಸದಸ್ಯರಲ್ಲಿ ಕೆಲವರು ವಿಚಾರಿಸಿದ್ದಾರೆ. ಕಣ, ಗೋದಾಮು, ಬೇಲಿಕಂಬ, ಪಲ್ಪಿಂಗ್ ತೊಟ್ಟಿ ಎಂದು ಪ್ರತಿ ತೋಟದಲ್ಲೂ ಸಿಮೆಂಟಿನ ಖರ್ಚು ಇದ್ದೇ ಇದೆ. ಹೂಮಳೆ ತಡವಾಗಿ, ಸ್ಪ್ರಿಂಕ್ಲರಿಗೇ ನೀರು ಸಾಲದಿರುವ ತಿಂಗಳುಗಳಲ್ಲಿ ಕಾಂಕ್ರೀಟಿಗೆ ನೀರುಣಿಸುವುದು ಯಾರಿಗೂ ಬೇಡವಾದ ಕೆಲಸ. ಆದ್ದರಿಂದ ಪ್ರಶ್ನೆ ಸಹಜವೇ. ವಿಧಾನವೂ ಸುಳ್ಳಲ್ಲ. ಆದರೆ ಅದು ಬ್ಲಾಕಿಗೆ ಹಿತವಾದಂತೆ ಕಂಬಕ್ಕೆ ಹಿತವಲ್ಲ ಎಂಬುದನ್ನು ಇಲ್ಲಿ ವಿವರಿಸಬೇಕಾಗಿದೆ.

ಹಿಂದೆ ನಾವು ಇಂಗಾಲಾಮ್ಲ ಎಂದು ಓದಿದ ಅನಿಲವೇ ಇದು. ಎಲೆಯಡಿಕೆ ತಟ್ಟೆಯಲ್ಲಿ ಸುಣ್ಣದ ಡಬ್ಬಿಯನ್ನು ಮುಚ್ಚದೆ ಬಿಟ್ಟರೆ ಮೇಲೆ ಗಟ್ಟಿ ಕೆನೆ ಕಟ್ಟುತ್ತದೆ. ಆ ಕೆನೆಗೆ ಖಾರವಿರುವುದಿಲ್ಲ. ಗಾಳಿಯಲ್ಲಿನ ಇಂಗಾಲಾಮ್ಲವನ್ನು ಹೀರಿ ಸುಣ್ಣವು ಪುನಃ ಸುಣ್ಣಕಲ್ಲಾಗುತ್ತದೆ. (ಅಡಿಕೆ ಬೆಳೆಗಾರರಿಗಲ್ಲದೆ ಇನ್ನಾರಿಗೆ ಈ ಉದಾಹರಣೆ ಬೇಗ ಅರ್ಥವಾದೀತು!) ಕೊಳೆರೋಗಕ್ಕೆ ಬೋರ್ಡೋ ದ್ರಾವಣ ಮಾಡುವಾಗ ಗಾಳಿಗೆ ಅರಳಿದ ಹಳೆಯ ಸುಣ್ಣ ಬಳಸಿದರೆ ಮೈಲುತುತ್ತದ ಆಮ್ಲ ಕಳೆಯದೆ, ಅದ್ದಿದ ಚಾಕುವಿನ ಮೇಲೆ ತಾಮ್ರದ ಕೆಂಪು ಕೂರುವುದೂ ಇದೇ ಕಾರಣದಿಂದ. ಗಟ್ಟಿತನ ಬರುತ್ತದೆ, ಕ್ಷಾರ ಹೋಗುತ್ತದೆ. ಕಾಂಕ್ರೀಟಿನಲ್ಲಿ ನಡೆಯುವುದೂ ಇದೇ.

ಸಿಮೆಂಟು ನೀರಿನೊಡನೆ ಕೂಡಿದಾಗ ಬಲ ಕೊಡುವ ಸಿಲಿಕೇಟು ಅಂಟಿನ ಜೊತೆಗೆ ಸುಣ್ಣವೂ ಹುಟ್ಟುತ್ತದೆ. ಹಸಿ ಬ್ಲಾಕಿಗೆ ಇಂಗಾಲಾಮ್ಲ ಹಾಯಿಸಿದರೆ ಈ ಸುಣ್ಣವಷ್ಟೇ ಅಲ್ಲ, ಸಿಮೆಂಟಿನ ಕಣಗಳೇ ನೇರವಾಗಿ ಅನಿಲದೊಡನೆ ಕೂಡಿ ಸುಣ್ಣಕಲ್ಲಿನ ಸೂಕ್ಷ್ಮ ಹರಳುಗಳನ್ನು ಕಟ್ಟುತ್ತವೆ. ಅಮೆರಿಕದ ಇಲಿನಾಯ್ ವಿಶ್ವವಿದ್ಯಾಲಯದ ಬರ್ಗರ್, ಯಂಗ್ ಮತ್ತು ಲ್ಯೂಂಗ್ ಎಂಬ ವಿಜ್ಞಾನಿಗಳು 1972ರಲ್ಲೇ ಇದನ್ನು ಪ್ರಕಟಿಸಿದರು. ದಿನಗಳು ಹಿಡಿಯುವ ಗಟ್ಟಿತನ ಕೆಲವು ಗಂಟೆಗಳಲ್ಲೇ ಬರುತ್ತದೆ. ಸುಣ್ಣ ಕಲ್ಲಾದಾಗ ಅದರ ಗಾತ್ರ ಸುಮಾರು ನೂರಕ್ಕೆ 12ರಷ್ಟು ಹಿಗ್ಗುವುದರಿಂದ ಒಳಗಿನ ರಂಧ್ರಗಳೂ ತುಂಬುತ್ತವೆ.

ಇಲ್ಲಿ ತೇವದ ಹದವೇ ಮುಖ್ಯ. ರಂಧ್ರಗಳಲ್ಲಿ ನೀರು ತುಂಬಿದ್ದರೆ ಅನಿಲ ಒಳಹೋಗದು. ನೀರಿನಲ್ಲಿ ಅದರ ಚಲನೆ ಗಾಳಿಯಲ್ಲಿರುವುದಕ್ಕಿಂತ ಸುಮಾರು ಹತ್ತು ಸಾವಿರ ಪಟ್ಟು ನಿಧಾನ. ಪೂರ್ತಿ ಒಣಗಿದ್ದರೆ ಕ್ರಿಯೆಯೇ ನಡೆಯದು. ಆದ್ದರಿಂದ ಕಾರ್ಖಾನೆಗಳಲ್ಲಿ ಬ್ಲಾಕನ್ನು ಮೊದಲು ಸ್ವಲ್ಪ ಆರಿಸಿ, ಅನಂತರ ಮುಚ್ಚಿದ ಕೋಣೆಯಲ್ಲಿ ಅನಿಲಕ್ಕೆ ಒಡ್ಡುತ್ತಾರೆ. ಈ ಕ್ರಿಯೆಯಲ್ಲಿ ಶಾಖ ಹುಟ್ಟಿ ಇನ್ನಷ್ಟು ನೀರು ಆರಿಹೋಗುತ್ತದೆ. ಹಾಗಾಗಿ ಕೋಣೆಯಿಂದ ತೆಗೆದ ಮೇಲೆ ಮತ್ತೆ ನೀರು ಕೊಟ್ಟರೆ ಮಾತ್ರ ಉಳಿದ ಸಿಮೆಂಟು ಕೆಲಸ ಮಾಡೀತು. ಹಾಗೆ ಮಾಡಿದಲ್ಲಿ 28ನೆಯ ದಿನದ ಬಲ ಸಾಮಾನ್ಯ ಬ್ಲಾಕಿಗೆ ಸಮನಾಗಿ ಅಥವಾ ತುಸು ಹೆಚ್ಚಾಗಿ ಇರುತ್ತದೆ. ನೀರೇ ಬೇಡ ಎಂಬ ಮಾತು ಮಾರುವವರ ಮಾತು.

ಬಾಳಿಕೆಯಲ್ಲಿಯೂ ಲಾಭವುಂಟು. ಬ್ಲಾಕು ನೀರು ಹೀರುವುದು ಕಡಿಮೆ, ಗೋಡೆಯ ಮೇಲೆ ಬಿಳಿ ಉಪ್ಪು ಅರಳುವುದು ಕಡಿಮೆ, ಮುಂದೆ ಒಣಗಿದಾಗ ಕುಗ್ಗಿ ಬಿರುಕು ಬಿಡುವುದೂ ಕಡಿಮೆ. ಈ ಬಿರುಕಿನ ನಿವಾರಣೆಗಾಗಿಯೇ ಅಮೆರಿಕದ ಬ್ಲಾಕು ತಯಾರಕರು 1960ರ ದಶಕದ ಆರಂಭದಲ್ಲಿ ಇದನ್ನು ಪ್ರಯೋಗಿಸಿದ್ದರು. ಜಪಾನಿನಲ್ಲಿ ಉಷ್ಣವಿದ್ಯುತ್ ಸ್ಥಾವರದ ಹೊಗೆಯ ಅನಿಲವನ್ನೇ ಬಳಸಿ ನೆಲಹಾಸಿನ ಬ್ಲಾಕುಗಳನ್ನು ಮಾಡಿದ್ದಾರೆ.

ಇನ್ನು ಕಬ್ಬಿಣದ ವಿಷಯ. ಒಳ್ಳೆಯ ಕಾಂಕ್ರೀಟಿನ ಒಳಗಿನ ತೇವದ ಪಿ.ಎಚ್. 12.5ಕ್ಕೂ ಮೇಲಿರುತ್ತದೆ. ಮಣ್ಣು ಪರೀಕ್ಷೆಯ ವರದಿಯಲ್ಲಿ ನಾವು ನೋಡುವ 5, 6ರ ಅಂಕಗಳಿಗೆ ಹೋಲಿಸಿದರೆ ಅದು ಎಂಥ ತೀವ್ರ ಕ್ಷಾರವೆಂದು ತಿಳಿಯುತ್ತದೆ. ಕಂಬಿಯ ಮೇಲೆ ಕಣ್ಣಿಗೆ ಕಾಣದ ರಕ್ಷಾಪದರ ನಿಂತಿರುವುದು ಆ ಕ್ಷಾರದಿಂದಲೇ. ಇಂಗಾಲಾಮ್ಲ ಕಂಬಿಯವರೆಗೆ ತಲುಪಿ ಪಿ.ಎಚ್. 9ಕ್ಕೆ ಇಳಿದರೆ ಪದರ ಹೋಗುತ್ತದೆ; ಮಲೆನಾಡಿನ ಮಳೆಗೆ ತುಕ್ಕು ಹಿಡಿಯಲು ಮತ್ತೇನೂ ಬೇಕಿಲ್ಲ. ತುಕ್ಕು ಮೂಲ ಕಬ್ಬಿಣಕ್ಕಿಂತ ಎರಡು ಪಟ್ಟಿಗೂ ಹೆಚ್ಚು ಜಾಗ ಬೇಡುವುದರಿಂದ ಕಂಬವು ಉದ್ದಕ್ಕೆ ಸೀಳುತ್ತದೆ. ಹಳೆಯ ಬೇಲಿಕಂಬಗಳು ಹೀಗೆ ಸೀಳಿರುವುದನ್ನು ಕಾಣದ ಸದಸ್ಯರಿಲ್ಲ. ಅಲ್ಲಿ ಗಾಳಿಯ ಅಲ್ಪ ಇಂಗಾಲಾಮ್ಲವು ಹತ್ತಾರು ವರ್ಷಗಳಲ್ಲಿ ಮಾಡಿದ್ದನ್ನು ನಾವೇ ಒಂದು ದಿನದಲ್ಲಿ ಮಾಡಿಸುವುದೇ?

ಇದಕ್ಕೆ ಅಪವಾದಗಳೂ ಇವೆ. ಕೆನಡಾದ ಮಾಂಟ್ರಿಯಲ್‌ನಲ್ಲಿರುವ ಮೆಕ್‌ಗಿಲ್ ವಿಶ್ವವಿದ್ಯಾಲಯದ ಪ್ರಯೋಗಗಳಲ್ಲಿ, ಅನಿಲವನ್ನು ಹೊರಪದರಕ್ಕೆ ಮಾತ್ರ ಸೀಮಿತಗೊಳಿಸಿ ಅನಂತರ ನೀರುಣಿಸಿದರೆ ಒಳಗಿನ ಕ್ಷಾರ ಉಳಿಯುವುದು ಕಂಡುಬಂದಿದೆ. ಅದೇ ದೇಶದ ಇನ್ನೊಂದು ಪದ್ಧತಿಯಲ್ಲಿ ಕಾಂಕ್ರೀಟು ಕಲಸುವಾಗಲೇ ಸಿಮೆಂಟಿನ ತೂಕದಲ್ಲಿ ನೂರಕ್ಕೆ ಒಂದಕ್ಕಿಂತಲೂ ಕಡಿಮೆ ಅನಿಲ ಸೇರಿಸುತ್ತಾರೆ. ಅಷ್ಟರಿಂದ ಕಂಬಿಗೆ ತೊಂದರೆಯಿಲ್ಲ. ಆದರೆ ಇವೆಲ್ಲ ಅಳತೆ, ಪರೀಕ್ಷೆಗಳಿರುವ ಕಾರ್ಖಾನೆಯ ಕೆಲಸ. ಪರೀಕ್ಷೆಯ ವರದಿ ಕೊಡದವರಿಂದ ಬೇಲಿಕಂಬ, ಲಿಂಟಲ್, ಚಪ್ಪಡಿಗಳನ್ನು ಕೊಳ್ಳಬೇಡಿರಿ ಎಂಬುದೇ ನಮ್ಮ ಸಲಹೆ.

ಪಲ್ಪಿಂಗ್ ತೊಟ್ಟಿಗೂ ಇದರಿಂದ ರಕ್ಷಣೆ ಸಿಗದು. ಕಾಫಿಯ ಲೋಳೆ ಹುಳಿತ ನೀರು ಆಮ್ಲ. ಸುಣ್ಣಕಲ್ಲು ಆಮ್ಲದಲ್ಲಿ ಕರಗುವ ವಸ್ತು. ಅಂಥ ತೊಟ್ಟಿಗೆ ಒಳಗಿನಿಂದ ಆಮ್ಲ ತಡೆಯುವ ಲೇಪನವೇ ಬೇಕು.

ಅಡಿಕೆ ಬೇಯಿಸುವ ಒಲೆಯ ಹೊಗೆಯನ್ನು ಕೊಠಡಿಗೆ ಹಾಯಿಸಿ ನಾವೇ ಮಾಡಬಹುದೇ ಎಂದೂ ಕೇಳಿದವರುಂಟು. ಖಂಡಿತ ಬೇಡ. ಇಂಗಾಲಾಮ್ಲ ಗಾಳಿಗಿಂತ ಒಂದೂವರೆ ಪಟ್ಟು ಭಾರ, ತಗ್ಗಿನಲ್ಲಿ ನಿಲ್ಲುತ್ತದೆ, ಉಸಿರು ಕಟ್ಟಿಸುತ್ತದೆ. ಅರೆಬೆಂದ ಸೌದೆಯ ಹೊಗೆಯಲ್ಲಿ ಅದಕ್ಕಿಂತ ವಿಷವಾದ ಕಾರ್ಬನ್ ಮಾನಾಕ್ಸೈಡ್ ಕೂಡ ಇರುತ್ತದೆ. ಬ್ಲಾಕು ತೆಗೆಯಲು ಒಳಗೆ ಕಳುಹಿಸಿದ ಆಳು ಹೊರಬರದೆ ಹೋದಾನು.

ಮನೆಯಲ್ಲೇ ಹಾಕಿಸುವ ಕಾಂಕ್ರೀಟಿಗೆ ಐ.ಎಸ್. 456ರ 2000ನೆಯ ಇಸವಿಯ ಆವೃತ್ತಿ ಹೇಳಿದ್ದು ಸಾಮಾನ್ಯ ಸಿಮೆಂಟಾದರೆ ಕನಿಷ್ಠ 7 ದಿನ, ಹಾರುಬೂದಿ ಮುಂತಾದವು ಬೆರೆತ ಸಿಮೆಂಟಾದರೆ ಕನಿಷ್ಠ 10 ದಿನ ನೀರು. ಚೀಲದ ಮೇಲೆ ಪಿ.ಪಿ.ಸಿ. ಎಂದಿದ್ದರೆ ಹತ್ತೇ ದಿನವೆಂದು ತಿಳಿಯಿರಿ. ಗೋಣಿಚೀಲ ಅಥವಾ ಒಣಹುಲ್ಲು ಹೊದಿಸಿ ನೆನೆಸಿದರೆ ನೀರು ಬಹಳ ಉಳಿಯುತ್ತದೆ.

ಕಂಬಗಳನ್ನು ಕೊಳ್ಳುವ ಮೊದಲು ಒಂದನ್ನು ಒಡೆದು, ಹಸಿ ಮುರಿವಿನ ಮೇಲೆ ಫಿನಾಲ್ಫ್ಥಲೀನ್ ದ್ರಾವಣ ಚಿಮುಕಿಸಿ ನೋಡಬಹುದು. ಅರಿಸಿನ ಸುಣ್ಣಕ್ಕೆ ಕೆಂಪಾಗುವಂತೆ, ಕ್ಷಾರವಿರುವ ಭಾಗ ಇದರಿಂದ ಗುಲಾಬಿಯಾಗುತ್ತದೆ. ಇಲ್ಲದ ಭಾಗಕ್ಕೆ ಬಣ್ಣ ಬರುವುದಿಲ್ಲ. ಕಂಬಿಯ ಸುತ್ತ ಗುಲಾಬಿ ಕಾಣದಿದ್ದರೆ ಆ ಲೋಡನ್ನು ಹಿಂದಕ್ಕೆ ಕಳುಹಿಸಿರಿ.